ಗಿರಣಿಯ ಶೋಕ ಮುಗಿಯಲು ಬಿಡದ ಕಾಗೆ ದಂಪತಿಗಳಿಗೆ

ಮಾನ್ಯ ಬೂದುಗತ್ತಿನ ಕಾಗೆ ದಂಪತಿಗಳೇ,

ಕಾಲುವೆಯ ದಂಡೆಯ ಈ ಊರಿನಲ್ಲಿ ಎಲ್ಲರಿಗಿಂತ ಎತ್ತರದ ಮನೆಯಲ್ಲಿ, ಬಾಡಿಗೆಯ ಚಿಂತೆಯಾಗಲಿ ನೆರೆಹೊರೆಯವರ ಹಂಗಾಗಲಿ ಇಲ್ಲದೆ ವಾಸವಾಗಿರುವ ತಮಗೂ ತಮ್ಮ ಚಿರಂಜೀವಿಗಳಿಗೂ ‘ತಾಳ್ಮೆ’ ಎಂಬ ಹೆಸರಿನ ಗಾಳಿಗಿರಣಿಯ ಸ್ವಯಂಸೇವಕರೆಲ್ಲರ ಪರವಾಗಿ ಅನಂತ ನಮಸ್ಕಾರಗಳು. ತಾವು ಕ್ಷೇಮವಾಗಿದ್ದೀರೆಂದು ಬೆಳಕು ಹರಿಯುವ ಮೊದಲೇ ಶುರುವಾಗುವ ತಮ್ಮ ಸಂಸಾರದ ಗದ್ದಲದಿಂದಲೇ ತಿಳಿಯುತ್ತಿದೆ. ನಾವು ಅಷ್ಟೇನೂ ಕ್ಷೇಮವಾಗಿಲ್ಲವಾದ್ದರಿಂದ ಈ ಪತ್ರ ಬರೆಯಬೇಕಾಗಿ ಬಂದಿದೆ.

ಮೊದಲಿಗೆ ತಮ್ಮ ಕಾರ್ಯದಕ್ಷತೆಯನ್ನು ಹೊಗಳದಿದ್ದರೆ ನಾನು ಕೃತಘ್ನನಾಗುತ್ತೇನೆ. ಬೀಳುವುದರಲ್ಲಿದ್ದ ಈ ಗಿರಣಿಯನ್ನು ಮತ್ತೆ ನೆಟ್ಟಗೆ ನಿಲ್ಲಿಸಲು ನಾವು ಪಟ್ಟ ಪಾಡು ನಾಯಿಪಾಡು. ಕೊಳೆತ ತೊಲೆಯೊಂದನ್ನು ಬದಲಿಸಲು ಅನುಮತಿ, ಅನುಮತಿ ಕೇಳುವ ಬಗ್ಗೆ ಸಭೆ, ಸಭೆಯಲ್ಲಿ ಕಾಫಿ, ಕಾಫಿಯ ಜೊತೆ ತಲೆಗೊಂದೇ ಬಿಸ್ಕತ್ತು ಕೊಟ್ಟು ಟಪ್ಪನೆ ಮುಚ್ಚುವ ಡಬ್ಬಿ, ಇದೆಲ್ಲ ಆದ ಮೇಲೆ ಗಿರಣಿಯ ನೆತ್ತಿಗೆ ಬಳಿಯಬೇಕಾದ ಹಸಿರು ಯಾವ ಹಸಿರು ಎಂಬುದರ ಮೇಲೆ ಇಡೀ ಒಂದು ಚಳಿಗಾಲದ ಜಗಳ. ತಾವಾದರೋ ಯಾರ ಅನುಮತಿಯನ್ನೂ ಕೇಳಲಿಲ್ಲ. ಗಂಡಹೆಂಡಿರಿಬ್ಬರೇ ಕಡ್ಡಿ ತಂದು ಮೇಲಿನ ಕಿಂಡಿಯಿಂದ ಒಳಗೆ ಹಾಕುತ್ತಾ ಹೋದಿರಿ. ಕೆಳಗಿನ ಅಂತಸ್ತಿನಲ್ಲಿ ದಿನವೂ ಬಿದ್ದಿರುತ್ತಿದ್ದ ಕಡ್ಡಿಗಳನ್ನು ನಾವು ಗಾಳಿಯ ಕೆಲಸವೆಂದು ತಿಳಿದು ವಿನಯದಿಂದ ಗುಡಿಸಿ ಹೊರಗೆ ಹಾಕಿದೆವು. ಅದೇ ಕಡ್ಡಿಗಳನ್ನು ತಾವು ಅಷ್ಟೇ ವಿನಯದಿಂದ ಮತ್ತೆ ಒಳಗೆ ತಂದಿರಿ. ಹೀಗೆ ತಮ್ಮ ಗೃಹನಿರ್ಮಾಣದಲ್ಲಿ ನಮ್ಮ ಸಂಘವೂ ಕೂಲಿಯಿಲ್ಲದೆ ದುಡಿದಂತಾಯಿತು.

ತಮಗೆ ನಮ್ಮ ಪದ್ಧತಿ ತಿಳಿದಿರಲಿಕ್ಕಿಲ್ಲ. ಮೇಲಿನ ರೆಕ್ಕೆ ತುತ್ತತುದಿ ಮುಟ್ಟುವುದಕ್ಕೆ ತುಸು ಮೊದಲೇ ಗಿರಣಿಯನ್ನು ನಿಲ್ಲಿಸಿದರೆ ಯಾರೋ ಬರುತ್ತಿದ್ದಾರೆಂದು ಅರ್ಥ. ಎಲ್ಲೋ ಮಗು ಹುಟ್ಟಿದೆ, ಮದುವೆ ನಡೆಯುತ್ತಿದೆ. ತುದಿ ದಾಟಿದ ಮೇಲೆ ನಿಲ್ಲಿಸಿದರೆ ಯಾರೋ ಹೊರಟುಹೋಗಿದ್ದಾರೆ. ಸಂತೋಷಕ್ಕೂ ಶೋಕಕ್ಕೂ ನಡುವಿನ ಅಂತರ ಕೆಳಗಿನಿಂದ ನೋಡುವವರಿಗೆ ಒಂದೆರಡು ಮಾರು, ನೆತ್ತಿಯೊಳಗಿನ ಮರದ ಚಕ್ರದಲ್ಲಿ ಬರೀ ಒಂದು ಗೇಣು. ಚಕ್ರದ ಕೈಗೂ ತೊಲೆಗೂ ನಡುವಿನ ಆ ಗೇಣಿನಲ್ಲೇ ತಾವು ಮನೆ ಕಟ್ಟಿದ್ದೀರಿ.

ಈ ವಸಂತದಲ್ಲಿ ನಮ್ಮ ಹಿರಿಯ ಗಿರಣಿಗಾರ ರೈಂಟ್ ತೀರಿಕೊಂಡರು. ಊರೆಲ್ಲ ‘ಕೆಡವಿ ಹಾಕಿ’ ಎಂದಾಗ ‘ಆಗಲ್ಲ’ ಎಂದು ಬಾಗಿಲಿಗೆ ಅಡ್ಡ ನಿಂತವರು, ನಮ್ಮಂಥ ನಿವೃತ್ತ ಮೇಷ್ಟರುಗಳಿಗೂ ಅಂಗಡಿಯವರಿಗೂ ಗಾಳಿ ನೋಡುವುದನ್ನು ಕಲಿಸಿದವರು ಅವರು. ರೆಕ್ಕೆಗಳನ್ನು ಶೋಕಕ್ಕೆ ನಿಲ್ಲಿಸಿದೆವು. ಮಣ್ಣು ಮುಗಿದ ಕೂಡಲೇ ಬ್ರೇಕು ಬಿಟ್ಟು ಗಿರಣಿಯನ್ನು ತಿರುಗಿಸಬೇಕು, ಅದು ನಿಯಮ. ಆದರೆ ಆ ಬ್ರೇಕಿನ ಹಗ್ಗ ಯಾವಾಗಲೂ ರೈಂಟರ ಕೈಯಲ್ಲೇ ಇರುತ್ತಿತ್ತು. ಬಡಗಿ ಸೀಬ್ರಾಂಡ್ ನನ್ನ ಮುಖ ನೋಡಿದ, ನಾನು ಆಕಾಶ ನೋಡಿದೆ. ‘ನಾಳೆ ಬಿಡೋಣ ಕಣೋ, ಇವತ್ತು ಗಾಳಿ ಸರಿಯಿಲ್ಲ’ ಎಂದ. ಗಾಳಿ ಚೆನ್ನಾಗಿಯೇ ಇತ್ತು. ಹಾಗೆ ನಾಳೆ, ನಾಡಿದ್ದು ಎಂದು ನಾವು ಒಬ್ಬರಿಗೊಬ್ಬರು ಮರ್ಯಾದೆ ಕೊಡುತ್ತಾ ಕುಳಿತಿದ್ದಾಗ, ತಿರುಗದ ಗಿರಣಿಯನ್ನು ಕಂಡು ತಾವು ಒಳಗೆ ಬಂದಿರಿ. ಗಾಳಿ ಬಂದಾಗ ತೂರಿಕೋ ಎಂಬ ಗಾದೆಯನ್ನು ಗಿರಣಿಯವರಾದ ನಾವು ಮರೆತೆವು, ತಾವು ಮರೆಯಲಿಲ್ಲ.

ಕೊನೆಗೆ ಸೀಬ್ರಾಂಡ್ ಮನಸ್ಸು ಗಟ್ಟಿಮಾಡಿಕೊಂಡು ಚಕ್ರಕ್ಕೆ ಎಣ್ಣೆ ಹಚ್ಚಲು ಮೇಲೆ ಹತ್ತಿದಾಗ ತಮ್ಮ ಮೊಟ್ಟೆಗಳು ಅವನನ್ನು ಸ್ವಾಗತಿಸಿದವು. ಪಕ್ಷಿಪ್ರೇಮಿಗಳ ಸಂಘದಿಂದ ಒಬ್ಬ ಮಹಿಳೆ ದುರ್ಬೀನಿನ ಸಮೇತ ಬಂದರು. ಮರಿಗಳು ಹಾರುವವರೆಗೆ ಚಕ್ರ ಅಲ್ಲಾಡಕೂಡದು ಎಂದರು.

‘ಒಂದೇ ಗೇಣು ಅಮ್ಮಾ, ನಿಧಾನಕ್ಕೆ ತಿರುಗಿಸ್ತೀವಿ, ಅವಕ್ಕೆ ಗೊತ್ತೇ ಆಗಲ್ಲ’ ಎಂದು ಸೀಬ್ರಾಂಡ್ ಗೋಗರೆದ.

‘ನೀವು ಮಲಗಿದ್ದಾಗ ಯಾರಾದ್ರೂ ನಿಮ್ಮ ಮಂಚಾನ ನಿಧಾನಕ್ಕೆ ಗೋಡೆ ಒಳಗೆ ತಳ್ಳಿದ್ರೆ ನಿಮಗೆ ಗೊತ್ತಾಗಲ್ವಾ?’ ಎಂದರು ಆ ಮಹಿಳೆ. ಅಲ್ಲಿಗೆ ಆ ಮಾತು ಮುಗಿಯಿತು.

ಅಂದಿನಿಂದ ನಮ್ಮ ಊರು ಶೋಕದಲ್ಲಿದೆ. ಕಾಲುವೆಯಲ್ಲಿ ಹೋಗುವ ದೋಣಿಯವರು ರೆಕ್ಕೆ ನೋಡಿ ಟೋಪಿ ತೆಗೆಯುತ್ತಾರೆ. ಪಕ್ಕದ ಊರಿನವರು ಬ್ರೆಡ್ಡಿನ ಅಂಗಡಿಯಲ್ಲಿ ‘ಈಗ ಯಾರು ಹೋದ್ರು?’ ಎಂದು ಪಿಸುಗುಟ್ಟುತ್ತಾರೆ. ಊರಿಗೆಲ್ಲ ಹಿರಿಯರಾದ ಎಪ್ಪೊ ಅವರ ಮನೆಗೆ ಮೂರು ಸಲ ಹೂಗುಚ್ಛ ಬಂದ ಮೇಲೆ, ಅವರು ತಾವಿನ್ನೂ ಇದ್ದೇವೆಂದು ತೋರಿಸಲು ದಿನವೂ ಏರಿಯ ಮೇಲೆ ಸೈಕಲ್ಲಿನ ಗಂಟೆ ಬಾರಿಸುತ್ತಾ ಓಡಾಡುತ್ತಿದ್ದಾರೆ. ಅವರ ಮೊಣಕಾಲಿನ ಖರ್ಚನ್ನು ಕಾಗೆಗಳಾದ ತಮ್ಮ ಲೆಕ್ಕಕ್ಕೆ ಬರೆಯಬಹುದೇ ಎಂದು ಅವರೇ ಕೇಳಿದ್ದಾರೆ.

ಇದೆಲ್ಲ ನಗುವ ಮಾತು. ನಗಲಾಗದ ಮಾತೊಂದಿದೆ. ರೈಂಟರ ಹೆಂಡತಿ ಫೆನ್ನಾ ಅವರ ಅಡುಗೆಮನೆಯ ಕಿಟಕಿ ಗಿರಣಿಗೆ ನೇರ ಎದುರಿಗಿದೆ. ಎಂದೂ ಯಾವುದಕ್ಕೂ ದೂರು ಹೇಳದ ಆ ಹೆಂಗಸು ಒಂದು ದಿನ ನಮ್ಮ ಸಭೆಯ ನಡುವೆ ಬಂದು ನಿಂತರು. ‘ನನ್ನ ಗಂಡ ಸತ್ತಿದ್ದು ಒಂದ್ಸಲ. ನಾನು ಅತ್ತೂ ಆಯ್ತು. ನೀವು ನೋಡಿದ್ರೆ ದಿನಾ ಬೆಳಗ್ಗೆ ಕಾಫಿ ಲೋಟ ಹಿಡ್ಕೊಂಡು ಕಿಟಕಿ ಹತ್ರ ನಿಂತ್ರೆ ಮತ್ತೆ ಸತ್ತ ಅಂತ ಹೇಳಿಸ್ತಿದೀರಿ. ತಿರುಗ್ಸಿ ಅದನ್ನ’ ಎಂದರು. ನಾವು ತಮ್ಮ ಮೊಟ್ಟೆಗಳ ವಿಷಯ ಹೇಳಿದೆವು. ಅವರು ಹೊರಟುಹೋದರು, ಮಾರನೆಯ ದಿನ ಕಿಟಕಿಗೆ ಪರದೆ ಬಿತ್ತು. ನಮ್ಮಲ್ಲಿ ಕಿಟಕಿಗೆ ಪರದೆ ಎಳೆಯುವವರು ಬಹಳ ಕಡಿಮೆ.

ಇಷ್ಟರಲ್ಲಿ ದೇಶದ ಗಿರಣಿಗಳೆಲ್ಲ ಜನರಿಗೆ ಬಾಗಿಲು ತೆರೆಯುವ ಮೇ ತಿಂಗಳ ಗಿರಣಿಗಳ ದಿನ ಬಂತು. ರೈಂಟ್ ಬದುಕಿದ್ದಾಗಲೇ ನಿಶ್ಚಯವಾಗಿದ್ದ ನಮ್ಮ ಪ್ರಥಮ ದರ್ಶನೋತ್ಸವ ಅದು. ಬಾವುಟ ಕಟ್ಟಿದೆವು, ಶೋಕದ ಗಿರಣಿಗೆ ಬಾವುಟವೇ ಎಂದು ಹಿರಿಯರು ಕೇಳಿದ್ದಕ್ಕೆ ಬಿಚ್ಚಿದೆವು. ಸೀಬ್ರಾಂಡ್ ಬೇಯಿಸಿದ ಪ್ಯಾನ್‌ಕೇಕುಗಳನ್ನು ಜನ ಸಾವಿನ ಮನೆಯ ಊಟದಂತೆ ತಲೆ ತಗ್ಗಿಸಿ ತಿಂದರು. ಗಡಿಯಾಚೆಯ ಜರ್ಮನ್ ಪ್ರವಾಸಿಯೊಬ್ಬರು ಅವನ ಎರಡೂ ಕೈ ಹಿಡಿದು ಸಾಂತ್ವನ ಹೇಳಿದರು. ಅವನು ಸಕ್ಕರೆಪಾಕದ ಕೈಯಲ್ಲೇ ಅದನ್ನು ಸ್ವೀಕರಿಸಿದ.

ಆ ಮಧ್ಯಾಹ್ನ ಯಾರೂ ಕರೆಯದೆ ಫೆನ್ನಾ ಬಂದರು. ಯಾರನ್ನೂ ಕೇಳದೆ ಏಣಿ ಹತ್ತಿದರು. ತಮ್ಮನ್ನು ಓಡಿಸಲೆಂದೇ ಹೋಗುತ್ತಿದ್ದಾರೆ ಎಂದು ನಾನು ಹೆದರಿ ಹಿಂದೆಯೇ ಹತ್ತಿದೆ. ಸ್ವಲ್ಪ ಆಸೆಯೂ ಇತ್ತು, ಕ್ಷಮಿಸಿ. ನೆತ್ತಿಯಲ್ಲಿ ರೈಂಟರ ಟೋಪಿ ನೇತುಹಾಕುವ ಮೊಳೆಯಿದೆ. ಫೆನ್ನಾ ಹೆಣೆದ ಆ ನೀಲಿ ಉಣ್ಣೆಯ ಟೋಪಿಯನ್ನು ನಾವು ಯಾರೂ ಮುಟ್ಟದೆ ಹಾಗೆಯೇ ಬಿಟ್ಟಿದ್ದೆವು. ಮೊಳೆಯಲ್ಲಿ ಈಗ ಒಂದೆರಡು ಎಳೆ ಮಾತ್ರ ಇತ್ತು. ಉಳಿದದ್ದೆಲ್ಲ ತಮ್ಮ ಮಕ್ಕಳ ಹಾಸಿಗೆಯಾಗಿತ್ತು. ಮೈಮೇಲೆ ಪುಕ್ಕವಿಲ್ಲದ, ಮುಖಕ್ಕಿಂತ ಬಾಯಿಯೇ ದೊಡ್ಡದಾದ ನಾಲ್ಕು ಜೀವಗಳು (ಹೆತ್ತವರಿಗೆ ಹೆಗ್ಗಣ ಮುದ್ದು, ನಾನೇನೂ ಹೇಳುವುದಿಲ್ಲ) ಆ ನೀಲಿ ಉಣ್ಣೆಯಲ್ಲಿ ಹುದುಗಿ ಮಲಗಿದ್ದವು.

ಫೆನ್ನಾ ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ ನಕ್ಕರು. ‘ಮದುವೆ ಆದಾಗಿಂದ ಹೆಣೆದುಕೊಟ್ಟೆ ಪೊಪ್ಕೊ, ಒಂದಾದ್ರೂ ಸರಿಯಾಗಿದೆ ಅನ್ನಲಿಲ್ಲ ಮಾರಾಯ. ಬಿಗಿ ಅಂತಿದ್ದ, ಚುಚ್ಚುತ್ತೆ ಅಂತಿದ್ದ. ಕೊನೆಗೂ ಯಾರಿಗೋ ಸರಿಹೋಯ್ತು ನೋಡು’ ಎಂದರು. ಇಳಿಯುವಾಗ ಮೆಟ್ಟಿಲ ನಡುವೆ ನಿಂತು ಸ್ವಲ್ಪ ಅತ್ತರು. ‘ಇರಲಿ ಬಿಡು, ಬೆಳೀಲಿ’ ಎಂದರು. ಮರುದಿನ ಪರದೆ ಸರಿದಿತ್ತು.

ಹಾಗಾಗಿ ನಾವು ಕಾದೆವು. ಈಗ ಜೂನ್ ನಡೆಯುತ್ತಿದೆ. ತಮ್ಮ ಮೂವರು ಮಕ್ಕಳು ಹಾರಿಹೋಗಿ ಚರಂಡಿಯ ಹುಳು ಹೆಕ್ಕಿ ತಿನ್ನುತ್ತಾ ಸ್ವಾವಲಂಬಿಗಳಾಗಿದ್ದಾರೆ. ಕಿರಿಯವನು ಮಾತ್ರ ಕಿಂಡಿಯ ಅಂಚಿನಲ್ಲಿ ಕುಳಿತು, ಗಾಳಿಯ ಕಡೆ ಒಮ್ಮೆ ನೋಡಿ, ಮತ್ತೆ ಒಳಗೆ ಹೋಗುತ್ತಾನೆ. ಬ್ರೇಕಿನ ಹಗ್ಗದ ಮುಂದೆ ನಾವೂ ಹಾಗೆಯೇ ನಿಂತಿದ್ದೆವಾದ್ದರಿಂದ ಅವನನ್ನು ಬೈಯುವ ಯೋಗ್ಯತೆ ನಮಗಿಲ್ಲ. ಆದರೂ ತಮ್ಮಲ್ಲಿ ವಿನಂತಿ: ಅವನಿಗೆ ಊಟ ತಂದು ಬಾಯಿಗಿಡುವುದನ್ನು ದಯಮಾಡಿ ಕಡಿಮೆ ಮಾಡಿ, ಬೇಕಿದ್ದರೆ ತಲೆಗೊಂದೇ ಬಿಸ್ಕತ್ತಿನ ನಮ್ಮ ನಿಯಮವನ್ನು ಎರವಲು ಪಡೆಯಿರಿ. ಹಾರಲು ಅಂಜಿಕೆಯಾದರೆ ನಮ್ಮ ಮುಂದಿನ ಸಭೆಗೆ ಕಳುಹಿಸಿಕೊಡಿ. ಅಲ್ಲಿ ಸ್ವಲ್ಪ ಹೊತ್ತು ಕುಳಿತ ಯಾರೇ ಆದರೂ ಎದ್ದು ಹಾರಿಹೋಗಲು ಬಯಸುತ್ತಾರೆ. ದಿನವೂ ಬೆಳಗ್ಗೆ ಫೆನ್ನಾ ಕಾಫಿ ಲೋಟ ಹಿಡಿದು ಈಗ ಗಿರಣಿಯ ಬುಡದಲ್ಲೇ ನಿಲ್ಲುತ್ತಾರೆ. ಮೇಲೆ ನೋಡಿ ‘ಏಳೋ ಮುದ್ದು, ಹೊರಡೋ, ನನಗೂ ಕೆಲಸ ಇದೆ’ ಎನ್ನುತ್ತಾರೆ. ಅವರ ಮಾತನ್ನಾದರೂ ನಡೆಸಿಕೊಡಬೇಕು.

ತಲೆಯೆತ್ತಿ ನೋಡಿ ನೋಡಿ ಕತ್ತು ಉಳುಕಿಸಿಕೊಂಡಿರುವ,
ತಮ್ಮ ವಿಶ್ವಾಸಿ,
ಪೊಪ್ಕೊ
(‘ತಾಳ್ಮೆ’ ಗಿರಣಿಯ ಸ್ವಯಂಸೇವಕರ ಪರವಾಗಿ)

ತಾಜಾ ಕಲಂ: ಪತ್ರವನ್ನು ಕಿಂಡಿಯ ಕೆಳಗೆ ಮೊಳೆ ಹೊಡೆದು ತಗುಲಿಸಲು ಹೋದಾಗ ತಮ್ಮ ಕಿರಿಯವನು ಸುತ್ತಿಗೆಯ ಸದ್ದಿಗೆ ಬೆಚ್ಚಿ ಹಾರಿಯೇಬಿಟ್ಟ. ಕೆಳಗಿದ್ದ ಫೆನ್ನಾ ಕಾಫಿ ಲೋಟವನ್ನು ಸೀಬ್ರಾಂಡನ ಕೈಗೆ ಕೊಟ್ಟು, ನಮ್ಮ ಯಾರ ಮುಖವನ್ನೂ ನೋಡದೆ ಬ್ರೇಕಿನ ಹಗ್ಗ ಎಳೆದರು. ರೆಕ್ಕೆ ಕರ್ರೆಂದು ಶೋಕದಿಂದ ಹೊರಟು, ಸಂತೋಷವನ್ನೂ ದಾಟಿ, ಈಗ ಸುಮ್ಮನೆ ತಿರುಗುತ್ತಿದೆ. ಮುಂದಿನ ವಸಂತದಲ್ಲಿ ಈ ಗಿರಣಿ ಒಂದು ದಿನವೂ ನಿಲ್ಲುವುದಿಲ್ಲವಾದ್ದರಿಂದ, ವರ್ಷಗಳಿಂದ ಏನೂ ಅಲ್ಲಾಡದೆ ಇರುವ ನಮ್ಮ ಚರ್ಚಿನ ಗೋಪುರವನ್ನು ತಾವು ಪರಿಶೀಲಿಸಬಹುದು. ಫೆನ್ನಾ ಆಗಲೇ ಅಲ್ಲಿ ಒಂದು ಮೊಳೆ ಹೊಡೆಸಿ, ಹೊಸದಾಗಿ ಹೆಣೆದ ನೀಲಿ ಟೋಪಿಯೊಂದನ್ನು ನೇತುಹಾಕಿದ್ದಾರೆ. ಪಾದ್ರಿಗಳಿಗೆ ಇನ್ನೂ ಹೇಳಿಲ್ಲ.