ಮನೆ ತೋರಿಸುವಾಗ ನಗಬೇಕು

ಫೋಟೋದವರ ಮನೆ ನೋಡಲು ಬಂದ ಮೊದಲ ಗಿರಾಕಿ ಓಡಿಹೋಗಿದ್ದಕ್ಕೆ ಮನೆಯ ತಪ್ಪೇನೂ ಇರಲಿಲ್ಲ. ಅಡುಗೆಮನೆಯ ನಲ್ಲಿ ತಿರುಗಿಸಿ ತೋರಿಸುತ್ತಾ, ನಲ್ಲಿಗಿಂತ ಜೋರಾಗಿ ಫೋಟೋದವರೇ ಕಣ್ಣೀರು ಸುರಿಸತೊಡಗಿದ್ದರು.

"ಅಳೋ ಮನೆ ಯಾರು ತಗೊಳ್ತಾರೆ ಸ್ವಾಮಿ?" ಎಂದು ಬ್ರೋಕರ್ ಬೆಳಿಗ್ಗೆಯೇ ಬಂದು ತಲೆ ಚಚ್ಚಿಕೊಂಡ. "ಒಳಗೆ ಯಾರೋ ನೇಣು ಹಾಕ್ಕೊಂಡಿದ್ದಾರೆ ಅಂದ್ಕೊಳ್ತಾರೆ. ಇವತ್ತು ಬರೋರು ಆಡಿಟರು. ಅನುಮಾನ ಪಡೋದೇ ಅವರ ಕಸುಬು. ದಯವಿಟ್ಟು ನಗ್ತಾ ಇರಿ. ಜನಕ್ಕೆಲ್ಲಾ ನಗಿ ನಗಿ ಅಂತ ಹೇಳಿ ಫೋಟೋ ತೆಗೆದೋರು, ನಿಮಗೇನು ಕಷ್ಟ?"

ಕಷ್ಟವೇ ಇತ್ತು. ಕೆಳಗೆ ಸ್ಟುಡಿಯೋ, ಮೇಲೆ ಸಂಸಾರ, ನಡುವೆ ಏಣಿಯಂಥ ಕಡಿದಾದ ಮೆಟ್ಟಿಲು. ಮಂಡಿ ಕೈಕೊಟ್ಟ ಮೇಲೆ ಹೆಂಡತಿ ಕೆಳಗಿಳಿದಿರಲೇ ಇಲ್ಲ. ಬೀದಿಯನ್ನು ಕಿಟಕಿಯಿಂದ ನೋಡುವುದು, ತರಕಾರಿಯನ್ನು ಹಗ್ಗ ಕಟ್ಟಿದ ಬುಟ್ಟಿಯಲ್ಲಿ ಎಳೆದುಕೊಳ್ಳುವುದು, ಇಷ್ಟೇ ಆಕೆಯ ಲೋಕವಾಗಿತ್ತು. ಮೆಟ್ಟಿಲಿಲ್ಲದ ಮನೆಗೆ ಹೋಗೋಣ ಎಂದು ಮಾತು ಕೊಟ್ಟವರು ಫೋಟೋದವರೇ. ಬಾಯಿ ಒಪ್ಪಿತ್ತು, ಜೀವ ಒಪ್ಪಿರಲಿಲ್ಲ. ಮದುವೆಯಾದ ವರ್ಷ ಇಬ್ಬರೂ ಸೇರಿ ಸ್ಟುಡಿಯೋದ ಗೋಡೆಗೆ ಮೋಡ, ಕೊಳ, ಎರಡು ಬಾತುಕೋಳಿ ಬರೆದಿದ್ದರು. ಹೆಂಡತಿ ಬರೆದ ಬಾತುಕೋಳಿಗೆ ಕೋಣನ ಕತ್ತು ಬಂದಿತ್ತು. ಸುತ್ತಲಿನ ಅರ್ಧಕ್ಕರ್ಧ ಮದುಮಕ್ಕಳು ಅದರ ಮುಂದೆ ನಿಂತೇ ಫೋಟೋ ತೆಗೆಸಿಕೊಂಡವರು. ಆ ಗೋಡೆಯನ್ನು ಬಿಟ್ಟುಹೋಗುವುದನ್ನು ನೆನೆದರೆ ಫೋಟೋದವರ ಎದೆ ಒಡೆಯುತ್ತಿತ್ತು.

ಆಡಿಟರು ಬಂದರು. ಬೂಟು ಬಿಚ್ಚಿಟ್ಟು, ಗೋಡೆಗಳನ್ನು ಬೆರಳಲ್ಲಿ ತಟ್ಟುತ್ತಾ ನಡೆದರು. ಫೋಟೋದವರು ಹಲ್ಲು ಕಿರಿಯುತ್ತಾ ಹಿಂದೆ ಹಿಂದೆಯೇ ಹೋದರು. ಮಳೆಗಾಲದಲ್ಲಿ ಸೋರುತ್ತದೆಯೇ ಎಂದು ಕೇಳಿದಾಗ ನಕ್ಕರು. ಇಷ್ಟು ವರ್ಷದ ಮನೆ ಯಾಕೆ ಮಾರುತ್ತಿದ್ದೀರಿ ಎಂದಾಗ ಇನ್ನೂ ಅಗಲವಾಗಿ ನಕ್ಕರು.

ಸ್ಟುಡಿಯೋದಲ್ಲಿ ಆಡಿಟರು ಬಾತುಕೋಳಿಯ ಕತ್ತನ್ನೇ ತಟ್ಟಿ, "ಈ ಗೋಡೆ ಒಡೆಸಿಬಿಟ್ರೆ ಕಾರು ನಿಲ್ಲಿಸ್ಬಹುದು" ಅಂದರು.

ಫೋಟೋದವರಿಗೆ ಅಳು ಉಕ್ಕಿ ಬಂತು. ಅದನ್ನು ತಡೆಯಲು ಹೋಗಿ ಬಾಯಿಂದ ಹೊರಟದ್ದು ಗಹಗಹಿಸುವ ನಗು. ಅದು ನಿಲ್ಲಲೇ ಇಲ್ಲ. ಆಡಿಟರು ಎರಡು ಹೆಜ್ಜೆ ಹಿಂದೆ ಸರಿದರು.

ಪರಿಸ್ಥಿತಿ ಕೈಮೀರುತ್ತಿದೆಯೆಂದು ಬ್ರೋಕರ್ ಎದುರುಮನೆಯ ಟೀಚರಮ್ಮನನ್ನು ಕರೆತಂದ. ನಾಲ್ಕು ಒಳ್ಳೆಯ ಮಾತಾಡಿ ಎಂದು ಮೊದಲೇ ಹೇಳಿಟ್ಟಿದ್ದ. ಟೀಚರಮ್ಮ ನಾಲ್ಕಕ್ಕೆ ನಿಲ್ಲಿಸುವ ಪೈಕಿಯಲ್ಲ. ಗಾಳಿ, ಬೆಳಕು, ನೀರು ಎಲ್ಲವನ್ನೂ ಹೊಗಳಿ ಮುಗಿಸಿ, ಯಾರೂ ಕೇಳದೆಯೇ, ಈ ಮನೆಯಲ್ಲಿ ದೆವ್ವಗಿವ್ವ ಖಂಡಿತ ಇಲ್ಲ, ಕೋರ್ಟುಕಚೇರಿಯ ತಕರಾರಂತೂ ಇಲ್ಲವೇ ಇಲ್ಲ ಎಂದು ಸೇರಿಸಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತಾಯಿತು. ಇಲ್ಲಿ ಕಳ್ಳ ಎಂದು ಕೂಡ ಯಾರೂ ಅಂದಿರಲಿಲ್ಲ.

ಆಡಿಟರು ಕೈಮುಗಿದರು. "ತಪ್ಪು ತಿಳೀಬೇಡಿ. ಮನೆ ಬಿಟ್ಟು ಹೋಗೋಕೆ ಇಷ್ಟು ಖುಷಿ ಪಡೋರ ಹತ್ರ ನಾನು ಮನೆ ತಗೊಳಲ್ಲ" ಎಂದು ಹೇಳಿ, ಹೊಸಿಲಿನಾಚೆ ಕೂತು ಬೂಟಿನ ಲೇಸು ಕಟ್ಟತೊಡಗಿದರು.

ವ್ಯಾಪಾರ ಮುರಿಯಿತು ಎಂಬುದು ಫೋಟೋದವರ ತಲೆಗೆ ಇಳಿಯಲು ಒಂದು ಗಳಿಗೆ ಬೇಕಾಯಿತು. ಇಳಿದ ಕೂಡಲೇ ಹೋದ ಜೀವ ಬಂದಂತಾಯಿತು. ಗೋಡೆ ಉಳಿಯಿತು. ಹೆಂಡತಿಗೆ ಏನು ಹೇಳುವುದು ಎಂಬ ನಾಚಿಕೆ ಒಂದು ಕಡೆ, ತಡೆಯಲಾರದ ಸಂತೋಷ ಇನ್ನೊಂದು ಕಡೆ. ಅವರು ಬಾಗಿಲ ಚೌಕಟ್ಟನ್ನು ತಬ್ಬಿಕೊಂಡು, ಬೆಳಗಿನಿಂದ ಅದುಮಿಟ್ಟಿದ್ದನ್ನೆಲ್ಲಾ ಹೊರಗೆ ಬಿಟ್ಟು, ಬಿಕ್ಕಿ ಬಿಕ್ಕಿ ಅತ್ತರು.

ಆಡಿಟರು ತಲೆಯೆತ್ತಿದರು. ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಕಟ್ಟಿದ ಲೇಸನ್ನು ಬಿಚ್ಚಿದರು.

"ಇದು ನಿಜ" ಅಂದರು. "ಸುಳ್ಳು ಲೆಕ್ಕ ನೋಡಿ ನೋಡಿ ಮುದುಕನಾದೋನು ನಾನು, ನನಗೆ ಗೊತ್ತಾಗುತ್ತೆ. ಹೀಗೆ ಅಳಿಸೋ ಮನೇಲಿ ಯಾವ ದೋಷಾನೂ ಇರಲ್ಲ. ನಾನು ತಗೊಂಡೆ."

ಫೋಟೋದವರು ಬೇಡ ಎನ್ನುವಂತೆ ಕೈಯಾಡಿಸಿದರು. ಬಿಕ್ಕಿನಲ್ಲಿ ಮಾತು ಹೊರಡಲಿಲ್ಲ. ಆಡಿಟರು ಆ ಕೈಯನ್ನೇ ಹಿಡಿದು ಕುಲುಕಿ, ತಾವೇ ಮೆಟ್ಟಿಲು ಹತ್ತಿ ಹೋಗಿ ಫೋಟೋದವರ ಹೆಂಡತಿಯ ಕೈಗೆ ಮುಂಗಡ ಕೊಟ್ಟು ಇಳಿದುಬಂದು, ಗೋಡೆಯ ಅಳತೆಗೆ ನಾಳೆಯೇ ಮೇಸ್ತ್ರಿಯನ್ನು ಕಳಿಸುತ್ತೇನೆಂದು ಹೇಳಿ ಹೊರಟರು. ಮೇಲಿನಿಂದ ಹೆಂಡತಿಯ ನಗು ಕೇಳಿಸಿತು. ಆಕೆ ನಕ್ಕು ಎಷ್ಟೋ ಕಾಲವಾಗಿತ್ತು. ಅದನ್ನು ಕೇಳಿದ ಮೇಲೆ ಫೋಟೋದವರು ಯಾರ ಹಿಂದೆಯೂ ಓಡುವಂತಿರಲಿಲ್ಲ.

"ಇಷ್ಟು ಚೆನ್ನಾಗಿ ಅಳ್ತೀರಿ ಅಂತ ಗೊತ್ತಿದ್ರೆ ನಗಿ ಅಂತ ಹೇಳ್ತಾನೇ ಇರ್ಲಿಲ್ಲ" ಎಂದು ಬ್ರೋಕರ್ ಬೆನ್ನು ತಟ್ಟಿದ.

ಫೋಟೋದವರ ಕಣ್ಣೀರು ಇನ್ನೂ ಹೆಚ್ಚಾಯಿತು. ಟೀಚರಮ್ಮ ಬೀದಿಯ ತಿರುವಿನವರೆಗೂ ಕಣ್ಣು ಹಾಯಿಸಿ ನೋಡಿ, ಮೆಲ್ಲಗೆ ಹೇಳಿದರು:

"ಸಾಕು ನಿಲ್ಲಿಸಿ ಅಣ್ಣಾ, ಅವರು ಹೋಗಾಯ್ತು."