ಅವ್ವನ ಎಫ್ ಒನ್

ಗುರುಲಿಂಗನಿಗೆ ಉದಗೀರದ ಮೊಬೈಲ್ ಅಂಗಡಿಯಲ್ಲಿ ಸಂಬಳದ ಕೆಲಸ. ಕೆಲಸವೆಂದರೆ ಒಡೆದ ಗಾಜು ಕಿತ್ತು ಹೊಸ ಗಾಜು ಅಂಟಿಸುವುದು. ಆದರೂ ಮನೆಯಲ್ಲಿ ಅವನು ಇಂಜಿನೇರ. (ಈ ಬಿರುದನ್ನು ಯಾರೂ ಕೊಟ್ಟದ್ದಲ್ಲ, ತಾನೇ ಇಟ್ಟುಕೊಂಡದ್ದು.) ಅಂಥವನ ಮನೆಯ ಮುಂದಿನ ಕಿರಾಣಿ ಅಂಗಡಿಯಲ್ಲೇ ಒಂದು ಹಳೇ ಕಂಪ್ಯೂಟರು ದಿನಾ ಬೆಳಿಗ್ಗೆ ಅವನ ಮಾನ ಕಳೆಯುತ್ತಿತ್ತು.

ಅಪ್ಪ ಶಾಂತವೀರಪ್ಪ ತಂದದ್ದು ಅದು. ಚಾಲೂ ಮಾಡಿದರೆ ಕರೀ ಪರದೆಯ ಮೇಲೆ ಇಂಗ್ಲಿಷಿನಲ್ಲಿ ಏನೋ ಗೊಣಗಿ, ಎಫ್ ಒನ್ ಒತ್ತದ ಹೊರತು ಮುಂದೆ ಹೋಗಲಾರೆನೆಂದು ಹಟ ಹಿಡಿದು ನಿಲ್ಲುತ್ತಿತ್ತು. ಒತ್ತುವುದು ಅವ್ವ ಅನುಸೂಯಾಬಾಯಿಯ ಕೆಲಸ. ಅವ್ವನಿಗೆ ಅಕ್ಷರ ಬಾರದು, ಗುಂಡಿ ಗೊತ್ತು. ಜಳಕ ಮಾಡಿ, ವಿಭೂತಿ ಹಚ್ಚಿಕೊಂಡು ಬಂದು ಒತ್ತಿದಳೆಂದರೆ ಆಮೇಲೇ ಬೋಣಿಗೆ.

"ನಿನ್ನ ಕೈಗುಣಕ್ಕೇ ಏಳ್ತದ ನೋಡು ಇದು" ಎನ್ನುತ್ತಿದ್ದ ಅಪ್ಪ.

ಅಪ್ಪ ಹೋಗಿ ವರ್ಷವಾಗಿತ್ತು. ಅವ್ವ ಅಂಗಡಿಯ ಕೆಲಸವನ್ನೆಲ್ಲ ಸೊಸೆ ಶುಭಾಂಗಿಗೆ ಬಿಟ್ಟಿದ್ದಳು. ಇದೊಂದನ್ನು ಬಿಟ್ಟಿರಲಿಲ್ಲ.

ಕಂಪ್ಯೂಟರಿಗೆ ಮರೆವಿನ ರೋಗವೂ ಇತ್ತು. ರಾತ್ರಿ ಗೋಡೆಯ ಸ್ವಿಚ್ಚು ಆರಿಸಿದರೆ ಬೆಳಿಗ್ಗೆ ಅದರ ತಾರೀಖು ಹಳೇ ಕಾಲಕ್ಕೆ ಹೋಗಿಬಿಡುತ್ತಿತ್ತು. ಒಂದು ದಿನ ಶುಭಾಂಗಿ ತಿದ್ದಲು ಮರೆತು ಬಿಲ್ಲು ಕೊಟ್ಟಳು. ಗಿರಾಕಿ ಅಂಬಣ್ಣ ಅದನ್ನು ಹಿಡಿದು ತಿರುಗಿ ಬಂದ.

"ವೈನೀ, ಈ ತೊಗರಿಬ್ಯಾಳಿ ನನ್ನ ಲಗ್ನಕ್ಕಿಂತ ಮೊದಲಿಂದೇನ್ರೀ? ಅದಕ್ಕೇ ಕುದೀವಲ್ದು!"

ಅಂದು ಶುಭಾಂಗಿ ಗಂಡನ ಮೇಲೆ ಹರಿಹಾಯ್ದಳು. "ಅಹೋ, ಊರ ಮಂದಿ ಫೋನ ರಿಪೇರಿ ಮಾಡ್ತೀರಿ. ಮನೀದು ಕಾಣಂಗಿಲ್ಲೇನು?"

ಐತವಾರ ಇಂಜಿನೇರ ಬದಿಯ ತಗಡು ಬಿಚ್ಚಿದ. ತಾರೀಖು ನೆನಪಿಡುವ, ರೂಪಾಯಿಯಂಥ ಸೆಲ್ಲು ಇರಬೇಕಾದ ಜಾಗ ಖಾಲಿ!

"ನೋಡು ಅಪ್ಪನ ಜಿಪುಣತನ! ಸೆಲ್ಲೇ ಹಾಕಿಸಿಲ್ಲ!" ಎಂದು ನಕ್ಕು ಹೊಸದನ್ನು ಕೂಡಿಸಿದ. ಚಾಲೂ ಆಗುವಾಗ ಡಿಲೀಟ್ ಗುಂಡಿಯನ್ನು ಟಕಟಕ ಬಡಿದು ಸೆಟಪ್ಪಿನ ನೀಲಿ ಪರದೆಗೆ ನುಗ್ಗಿದ. ತಾರೀಖು ತಿದ್ದಿದ. ದೋಷವಿದ್ದರೆ ಎಫ್ ಒನ್‌ಗಾಗಿ ಕಾಯಬೇಕೇ ಎಂದಿದ್ದಲ್ಲಿ ಬೇಡವೆಂದು ಹಾಕಿ, ಎಫ್ ಟೆನ್ ಒತ್ತಿ ಉಳಿಸಿದ. ದಿಗ್ವಿಜಯ ಮುಗಿಸಿದ ಚಕ್ರವರ್ತಿಯಂತೆ ಚಹಾ ಕೇಳಿದ.

ಮರುದಿನ ಅವ್ವ ಬೆರಳು ಮುಂದೆ ಮಾಡಿಕೊಂಡು ನಿಂತಳು. ಪರದೆ ಎಲ್ಲೂ ನಿಲ್ಲದೆ ಸೀದಾ ಬೆಳಗಿತು.

"ಅದು ಬರ್ಲೇ ಇಲ್ಲಲ್ಲೋ?"

"ಇನ್ನ ಬರಂಗಿಲ್ಲ ಅವ್ವಾ. ನಿನಗ ತ್ರಾಸ ತಪ್ತು."

"ಒತ್ತೂದು ಬ್ಯಾಡೇನು?"

"ಬ್ಯಾಡ."

ಅವ್ವ ಬೆರಳನ್ನು ಸೆರಗಿಗೆ ಒರೆಸಿಕೊಂಡು ಒಳಗೆ ಹೋದಳು. ಮರುದಿನ ಅಂಗಡಿಗೆ ಬರಲಿಲ್ಲ. ಜಳಕ ಹೊತ್ತೇರಿದ ಮೇಲಾಯಿತು. ತಾಟಿನಲ್ಲಿ ರೊಟ್ಟಿ ಅರ್ಧ ಉಳಿಯತೊಡಗಿತು.

"ಲಗು ಎದ್ದು ಏನ ಮಾಡ್ಲಿ? ಎಲ್ಲಾ ತಾವೇ ಏಳ್ತಾವ" ಎಂದಳು ಕೇಳಿದರೆ.

"ಶಾಬಾಸ್ ಇಂಜಿನೇರ!" ಎಂದಳು ಶುಭಾಂಗಿ. "ಅತ್ತಿಯವ್ರದು ಇದ್ದದ್ದೇ ಒಂದು ಗುಂಡಿ. ಅದನ್ನೂ ಕಸಗೊಂಡ್ರಿ."

ಗುರುಲಿಂಗ ಮತ್ತೆ ಸೆಟಪ್ಪಿಗೆ ಹೋಗಿ, ಎಫ್ ಒನ್‌ಗಾಗಿ ಕಾಯಬೇಕು ಎಂದು ಹಾಕಿದ. ಕಂಪ್ಯೂಟರು ಕಾಯಲಿಲ್ಲ. ಕಾಯಬೇಕಾದರೆ ಅದರಲ್ಲಿ ಏನಾದರೂ ಕೆಟ್ಟಿರಬೇಕು. ಈ ಮಹಾಶಯ ಜನ್ಮದಲ್ಲಿ ಮೊದಲ ಸಲ ಸರಿಯಾಗಿ ರಿಪೇರಿ ಮಾಡಿದ್ದ! ಕೊನೆಗೆ ತಗಡು ಬಿಚ್ಚಿ ಸೆಲ್ಲನ್ನೇ ಕಿತ್ತ. ಅವ್ವನ ಕಣ್ಣಿಗೆ ಬೀಳದಂತೆ ಎಲ್ಲಿಡುವುದು? ಗಲ್ಲಾಪೆಟ್ಟಿಗೆಯ ಹಿಂದೆ ಅಪ್ಪನ ವಿಭೂತಿ ಡಬ್ಬಿಯಿತ್ತು. ಅಪ್ಪ ಹೋದಮೇಲೆ ಯಾರೂ ಅದನ್ನು ಮುಟ್ಟಿರಲಿಲ್ಲ. ತೆರೆದ.

ವಿಭೂತಿಯ ಗಟ್ಟಿಯ ಕೆಳಗೆ ಇನ್ನೊಂದು ಸೆಲ್ಲಿತ್ತು, ಬೂದಿ ಮೆತ್ತಿಕೊಂಡು.

ಅಪ್ಪನನ್ನು ಜಿಪುಣ ಎಂದಿದ್ದವನು ಅದರ ಬೂದಿ ಒರೆಸಿದ. ತನ್ನದನ್ನೂ ಅದರ ಪಕ್ಕಕ್ಕಿಟ್ಟು ಮುಚ್ಚಿದ.

ಬೆಳಿಗ್ಗೆ ಕೂಗಿದ: "ಅವ್ವಾ, ಬಾ ಇಲ್ಲಿ. ಮತ್ತ ನಿಂತದ."

ಅವ್ವ ಗಡಬಡಿಸಲಿಲ್ಲ. ಜಳಕ ಮಾಡಿ, ವಿಭೂತಿ ಹಚ್ಚಿಕೊಂಡು ಬಂದು ಒತ್ತಿದಳು. ಎದ್ದಿತು.

"ನಿನ್ನ ರಿಪೇರಿ ನಾಕ ದಿನಾನೂ ಬಾಳಿಕಿ ಬರ್ಲಿಲ್ಲಲ್ಲೋ" ಎಂದಳು. "ನಿಮ್ಮಪ್ಪನೂ ಒಮ್ಮಿ ಹಿಂಗೇ ಮಾಡಿಸಿದ್ದ. ಅದೂ ಕೆಡ್ತು. ಅಪ್ಪಗೂ ಇಲ್ಲ ಮಗಗೂ ಇಲ್ಲ, ಕೈಗುಣ."

"ಇಲ್ಲವ್ವಾ" ಎಂದ ಇಂಜಿನೇರ, ತಲೆ ತಗ್ಗಿಸಿ ತಾರೀಖು ತಿದ್ದತೊಡಗಿದ.