ಸೇವಂತಿಗೆ ಮುಡಿದ ಬೇಸ್ ಗಿಟಾರಿಗೆ

ಮಾನ್ಯ ಬೇಸ್ ಗಿಟಾರ್ ಅವರೇ,

ನಂದಗುಡಿಯ ನಿವೃತ್ತ ಕನ್ನಡ ಅಧ್ಯಾಪಕಿಯ ಸವಿನಯ ವಂದನೆಗಳು. ತಮ್ಮ ಐದೂ ತಂತಿಗಳು ಕ್ಷೇಮವೆಂದು ಭಾವಿಸಿ, ನನ್ನ ಎರಡು ಬೆರಳುಗಳ ಬೊಬ್ಬೆಯನ್ನು ಬದಿಗಿಟ್ಟು, ಈ ದೂರನ್ನು ಬರೆಯುತ್ತಿದ್ದೇನೆ.

ನಮ್ಮ ಶಾಲೆಯ ಎಪ್ಪತ್ತೈದನೆಯ ವರ್ಷಕ್ಕೆಂದು ಮಕ್ಕಳು ಹಾಡಿದ ಹಾಡಿಗೆ ಬೇಸ್ ನಾನೇ ನುಡಿಸುವೆನೆಂದು, ಆರು ತಿಂಗಳ ಕಲಿಕೆಯ ಬಲದಿಂದ, ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಘೋಷಿಸಿದವಳು ನಾನೇ; ನುಡಿಸಿದ್ದು ಹಾಡಿನಲ್ಲಿ ಉಳಿಯದಿದ್ದರೆ ಆ ಸಭೆಯಲ್ಲಿ ಮತ್ತೆ ಮುಖವೆತ್ತುವಂತಿರಲಿಲ್ಲ. ವಾದ್ಯದಂಗಡಿಯವರು ತೋರಿಸಿದ ನಾಲ್ಕು ತಂತಿಯ ಹಳೆಯ ವಾದ್ಯವನ್ನು ಗೀರು ಬಿದ್ದಿದೆಯೆಂದು ಅನುತ್ತೀರ್ಣಗೊಳಿಸಿ, ತಮ್ಮ ಕತ್ತಿಗೆ ಅಡಿಪಟ್ಟಿಯಿಟ್ಟು ನೆಟ್ಟಗಿದೆಯೆಂದು ಖಚಿತಪಡಿಸಿಕೊಂಡು, ಒಂದು ತಂತಿ ಹೆಚ್ಚಿಗಿರುವವರು ಒಂದು ತರಗತಿ ಮುಂದಿರುವರೆಂದು ನಂಬಿ, ನಾದವೊಂದನ್ನು ಮಾತ್ರ ಕೇಳದೆ, ತಮ್ಮನ್ನು ಮನೆತುಂಬಿಸಿಕೊಂಡೆ. ಆ ಐದನೆಯ ತಂತಿಯನ್ನು ಮುಟ್ಟುವ ಸಂದರ್ಭ ಇಂದಿಗೂ ಒದಗಿಲ್ಲ. ಅದರ ಸಂಯಮ ಶ್ಲಾಘನೀಯ.

ಆಯುಧಪೂಜೆಯ ಮರುದಿನ, ಪೂಜೆಯ ಹೂವನ್ನು ಬಾಡುವ ಮುನ್ನ ಕೀಳಬಾರದೆಂದು, ತಂತಿಗಳ ಬುಡಕ್ಕೆ ಸಿಕ್ಕಿಸಿದ ಸೇವಂತಿಗೆ ಹಾರದ ಸಮೇತವೇ ತಮ್ಮನ್ನು ಹೊಸಕೋಟೆಯ ರೆಕಾರ್ಡಿಂಗ್ ಸ್ಟುಡಿಯೋಗೆ ಕರೆದೊಯ್ದೆ. ಅದರ ಒಡತಿ ಕೀರ್ತನ ನನ್ನ ಶಿಷ್ಯೆ. ಮೊದಲ ಸಲ, ತಪ್ಪೀತೆಂದು, ಹಾಡಿನ ಸಾಲಿಗೆ ಎರಡೇ ಸ್ವರ ನುಡಿಸಿದೆ. ತಾವು ದುಂ ದುಂ ಎಂದು ಮೊಟಕಾಗಿ ನುಡಿದಿರಿ. ನಾನು ನಾಚಿ, ಹೂ ಕಿತ್ತು, ತಂತಿ ಒರೆಸಿ, ಹಾಳೆ ತುಂಬ ಉತ್ತರ ಬರೆಯುವ ಜಾಣೆಯಂತೆ ಸಾಲಿಗೆ ಹದಿನಾರು ಸ್ವರಗಳನ್ನು ಲೋಪವಿಲ್ಲದೆ ನುಡಿಸಿದಾಗ, ತಾವು ಗುಂಯ್‌ಗುಡುತ್ತ ಮಕ್ಕಳ ಹಾಡನ್ನೇ ನುಂಗಿಬಿಟ್ಟಿರಿ.

ಕೀರ್ತನ ಎರಡನ್ನೂ ಕೇಳಿಸಿ, “ಮಿಸ್, ಹೂ ಇದ್ದಿದ್ದೇ ಇಟ್ಕೋತೀನಿ. ಇನ್ನೊಂದ್ರಲ್ಲಿ ನೀವು ಒಂದೇ ಸಮ ಮಾತಾಡ್ತಾನೇ ಇದ್ದೀರ. ಗುಂಯ್ ಅನ್ನದೇ ಇರ್ಲಿ ಅಂತ ನಾವು ತಂತಿ ಕೆಳಗೆ ಸ್ಪಂಜು ಇಡ್ತೀವಿ, ನೀವು ಸೇವಂತಿಗೆ ಇಟ್ಟಿದ್ದೀರ, ಅಷ್ಟೇ” ಎಂದಳು. ತರಗತಿಯಲ್ಲಿ ಮಾತಾಡಿದ್ದಕ್ಕೆ ಅವಳನ್ನು ನಾನು ಬೆಂಚಿನ ಮೇಲೆ ನಿಲ್ಲಿಸಿದ್ದುದು ಆಗ ಇಬ್ಬರಿಗೂ ನೆನಪಾಯಿತು.

ಆದುದರಿಂದ, ನಾದದ ಹದವರಿತೇ ನಾನು ಹಾರ ಸಿಕ್ಕಿಸಿದೆನೆಂದು ತಾವು ಪ್ರಮಾಣಪತ್ರವೊಂದನ್ನು ದಯಪಾಲಿಸಬೇಕು. ಅಲ್ಲದೆ, ತಗ್ಗಿನ ದನಿಯಲ್ಲೇ ಇದ್ದುಕೊಂಡು, ಮುಖ್ಯೋಪಾಧ್ಯಾಯ ಸೊಣ್ಣಪ್ಪನವರ, ಆ ದನಿಯನ್ನು ಹೊರಡಿಸಲಾರದ ಮೊಬೈಲಿನಲ್ಲೂ ಕೇಳಿಸುವಂತೆ ನುಡಿಯಬೇಕು; ಅದರಲ್ಲಿ ಹಾಡು ಕೇಳಿದ ಅವರು “ಬೊಂಬಾಟಾಗೈತೆ ಮಿಸ್ಸೇ, ನೀವು ಬಾರಿಸಿರೋದು ಯಾವ ಕಡೆ?” ಎಂದು ವಿಚಾರಿಸಿದ್ದಾರೆ.

ತಿದ್ದಿಸಿಕೊಂಡ ಮೇಲೂ ತಮ್ಮ ವಿಶ್ವಾಸಿ,
ಶಶಿರೇಖಾ

ತಾ.ಕ.: ಹಾಡಿನ ಕೊನೆಯಲ್ಲಿ ಬರುವ ಕಲಾವಿದರ ಪಟ್ಟಿಯಲ್ಲಿ, ಬೇಸ್ ಎಂಬುದರ ಎದುರು, ನನ್ನ ಹೆಸರಿನೊಡನೆ ಸೇವಂತಿಗೆಯ ಹೆಸರನ್ನೂ ಸೇರಿಸಲು ಕೀರ್ತನಳಿಗೆ ತಿಳಿಸಿದ್ದೇನೆ. ತಮ್ಮ ಹೆಸರು ಬಿಟ್ಟುಹೋಗಿರುವುದು ಕೈತಪ್ಪಲ್ಲ.